ಛಾಯಾಗ್ರಾಹಕ ಟಿ. ಎಸ್. ಸತ್ಯನ್



ಹಿಂದಿನ ವರ್ಷದ ಮಳೆಗಾಲದಲ್ಲಿ ನಮ್ಮ ಹತ್ತನೆಯ ತರಗತಿಯಲ್ಲಿ ನಡೆದ ಒಂದು ಪ್ರಸಂಗವನ್ನು ನಿಮ್ಮಲ್ಲಿ ಹಲವರು ಮರೆತಿರಲಾರಿರಿ. ಹುಡುಗನೊಬ್ಬನು ತನ್ನ ಅಣ್ಣನ ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವು ಕೈಯಿಂದ ಕೈಗೆ ಸಾಗಿ ತರಗತಿಯಲ್ಲಿ ನಗೆಯ ಅಲೆಯನ್ನೇ ಎಬ್ಬಿಸಿತ್ತು. ಸಯನ್ ಸ್ಟೇಷನ್ನಿನ ಬೆಂಚಿನ ಮೇಲೆ ವೃದ್ಧರೊಬ್ಬರು ಬಾಯಿ ತೆರೆದು ನಿದ್ರಿಸುತ್ತಿದ್ದಾರೆ. ಅವರ ಮಗ್ಗುಲಲ್ಲಿದ್ದ ಕೈಚೀಲದೊಳಗೆ ಕಾಗೆಯೊಂದು ಕುತ್ತಿಗೆಯವರೆಗೂ ತಲೆಯಿಕ್ಕಿ ಅವರ ಬುತ್ತಿಯನ್ನು ಪರೀಕ್ಷಿಸುತ್ತಿದೆ. ನಿಜ ಹೇಳಬೇಕಾದರೆ, ಆ ಚಿತ್ರವು ನಮ್ಮ ಕೈಗೆ ಬಂದಾಗ ನಮಗೂ ನಗು ಬಂದಿತು. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ಮಾತಿಲ್ಲದೆ ಹೊರಗೆ ಹೋದಾಗಲಷ್ಟೆ ಆ ನಗು ನಿಂತಿತು. ಆ ವೃದ್ಧರು ಅವನ ಅಜ್ಜ. ರಾತ್ರಿಯೆಲ್ಲ ಒಂದು ಕಟ್ಟಡದ ವಾಚ್‌ಮನ್ ಕೆಲಸ ಮಾಡಿ, ಬೆಳಗಿನ ಗಾಡಿಗಾಗಿ ಕಾಯುತ್ತ ಕುಳಿತಲ್ಲಿಯೇ ಅವರಿಗೆ ಕಣ್ಣು ಹತ್ತಿತ್ತು.

ಮರುದಿನ ನಾವು ಆ ಹುಡುಗನ ಮನೆಗೆ ಹೋದೆವು. ಅಜ್ಜ ಕೋಪಿಸಿಕೊಳ್ಳಲಿಲ್ಲ. ಚಿತ್ರವನ್ನು ಯಾರು ಯಾರು ನೋಡಿದರೆಂದು ವಿಚಾರಿಸಿದರು. ಇಡೀ ತರಗತಿಯೇ ನೋಡಿತೆಂದು ತಿಳಿದ ಮೇಲೆ, ಅಷ್ಟು ಜನರಿಗೆ ತೋರಿಸಿದ್ದನ್ನು ತಮಗೊಬ್ಬರಿಗೆ ಮಾತ್ರ ಏಕೆ ತೋರಿಸಲಿಲ್ಲವೆಂದು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ತಲೆ ತಗ್ಗಿಸಿಕೊಂಡು ಮನೆಗೆ ಮರಳುವಾಗ ನಮಗೆ ನೆನಪಾದವರು ಮೈಸೂರಿನ ಟಿ. ಎಸ್. ಸತ್ಯನ್ನರು. ಅವರೂ ಜೀವಮಾನದುದ್ದಕ್ಕೂ ಅಪರಿಚಿತರ ಚಿತ್ರಗಳನ್ನು ತೆಗೆದವರು. ಅವರ ಚಿತ್ರಗಳನ್ನು ನೋಡಿದಾಗಲೂ ನಗು ಬರುತ್ತದೆ. ಆದರೆ ಆ ನಗೆಯಿಂದ ಯಾವ ಮೊಮ್ಮಗನೂ ಎದ್ದು ಹೊರಗೆ ಹೋಗಬೇಕಾಗಿ ಬಂದೀತೆಂದು ನಮಗೆ ತೋರುವುದಿಲ್ಲ. ಅವರ ಕಥೆಯನ್ನು ನಿಮಗೆ ಹೇಳಲೇಬೇಕೆಂದು ಅಂದೇ ನಿಶ್ಚಯಿಸಿದೆವು. ಸತ್ಯನ್ನರು ತೀರಿಕೊಂಡಾಗ ನಿಮ್ಮಲ್ಲಿ ಬಹುಮಂದಿ ಇನ್ನೂ ಹುಟ್ಟಿರಲಿಲ್ಲ.

ಸತ್ಯನ್ನರು ಮೈಸೂರಿನಲ್ಲಿ 1923ನೆಯ ಇಸವಿ ಡಿಸೆಂಬರ್ 18ರಂದು ಜನಿಸಿದರು. ಹಿರಿಯರು ಇಟ್ಟ ಹೆಸರು ಸತ್ಯನಾರಾಯಣ. ಅದು ಮೊಟಕಾಗಿ ಸತ್ಯನ್ ಎಂದಾಗಿ, ಮುಂದೆ ಆ ಮೊಟಕು ಹೆಸರೇ ದೇಶವಿದೇಶಗಳ ಪತ್ರಿಕೆಗಳಲ್ಲಿ ಚಿತ್ರಗಳ ಕೆಳಗೆ ಅಚ್ಚಾಗತೊಡಗಿತು. ಅದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲ. ಅಗಲವಾದ ಬೀದಿಗಳು, ಕುದುರೆಗಾಡಿಗಳು, ದೇವರಾಜ ಮಾರುಕಟ್ಟೆಯ ಹೂವಿನ ರಾಶಿ, ವರ್ಷಕ್ಕೊಮ್ಮೆ ದಸರೆಯ ಜನಸಾಗರ ಇವೆಲ್ಲ ಸೇರಿದ್ದ ಆ ಊರಿನಲ್ಲಿ ಬೀದಿಗೆ ಬಂದು ನಿಂತವನಿಗೆ ನೋಡಲು ಏನಾದರೊಂದು ಸಿಕ್ಕಿಯೇ ಸಿಕ್ಕುತ್ತಿತ್ತು. ಬಾಲಕ ಸತ್ಯನ್ನರು ಬನುಮಯ್ಯನವರ ಶಾಲೆಯಲ್ಲಿ ಓದಿ, ಮಹಾರಾಜಾ ಕಾಲೇಜನ್ನು ಸೇರಿ, 1944ರಲ್ಲಿ ಬಿ. ಎ. ಪದವಿಯನ್ನು ಪಡೆದರು. ಕ್ಯಾಮರಾದ ಹುಚ್ಚು ಪದವಿಗಿಂತ ಮೊದಲೇ ಹತ್ತಿತ್ತು. ವಿದ್ಯಾರ್ಥಿಯಾಗಿದ್ದಾಗಲೇ ಅವರು ತೆಗೆದ ಚಿತ್ರವು ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಎರಡನೆಯ ಮಹಾಯುದ್ಧವು ನಡೆಯುತ್ತಿದ್ದ ಆ ವರ್ಷಗಳಲ್ಲಿ ಫಿಲ್ಮ್ ಸಿಕ್ಕುವುದೇ ದುರ್ಲಭವಾಗಿತ್ತೆಂಬುದನ್ನು ನೆನೆದರೆ, ಇದು ಸಣ್ಣ ಸಾಧನೆಯಲ್ಲವೆಂದು ತಿಳಿಯುತ್ತದೆ.

ಆ ಕಾಲದ ಮೈಸೂರನ್ನು ಕುರಿತು ಇನ್ನೂ ಒಂದು ಮಾತು ಹೇಳದಿರಲಾರೆವು. ಸತ್ಯನ್ನರಿಗಿಂತ ಹಿರಿಯರಾದ ಆರ್. ಕೆ. ನಾರಾಯಣ್ ಆ ಬೀದಿಗಳಲ್ಲಿಯೇ ದಿನವೂ ನಡೆಯುತ್ತ, ಅಂಗಡಿಯವರೊಡನೆಯೂ ದಾರಿಹೋಕರೊಡನೆಯೂ ಮಾತಾಡುತ್ತ ತಮ್ಮ ಕಥೆಗಳಿಗೆ ಜನರನ್ನು ಹುಡುಕುತ್ತಿದ್ದರು. ಅವರ ತಮ್ಮ ಆರ್. ಕೆ. ಲಕ್ಷ್ಮಣ್ ಅದೇ ಬೀದಿಗಳಲ್ಲಿ ಜನರನ್ನೂ ಕಾಗೆಗಳನ್ನೂ ರೇಖೆಗಳಲ್ಲಿ ಹಿಡಿಯುವುದನ್ನು ಕಲಿತರು. ನಾರಾಯಣ್, ಲಕ್ಷ್ಮಣ್, ಮುಂದೆ ಪತ್ರಿಕೋದ್ಯಮದಲ್ಲಿ ಹೆಸರಾದ ಎಚ್. ವೈ. ಶಾರದಾಪ್ರಸಾದ್ ಇವರೆಲ್ಲರೂ ಸತ್ಯನ್ನರ ಸ್ನೇಹವಲಯದವರು. ಒಬ್ಬರು ಲೇಖನಿಯಿಂದ, ಒಬ್ಬರು ಕುಂಚದಿಂದ, ಇನ್ನೊಬ್ಬರು ಕ್ಯಾಮರಾದಿಂದ ಮಾಡಿದುದು ಒಂದೇ ಕೆಲಸವೆಂದು ನಮ್ಮ ಅಭಿಪ್ರಾಯ. ಸಾಮಾನ್ಯ ಮನುಷ್ಯನ ಎದುರಿಗೆ ನಿಂತು, ಅವನ ಪೇಚಾಟವನ್ನು ಕಂಡು ಮುಗುಳ್ನಗುವುದು, ಆದರೆ ಅವನ ಮರ್ಯಾದೆಗೆ ಕುಂದು ತಾರದಿರುವುದು. ಇದನ್ನು ಅವರಿಗೆ ಯಾರಾದರೂ ಪಾಠ ಹೇಳಿಕೊಟ್ಟರೋ, ಊರಿನ ಗಾಳಿಯಲ್ಲಿಯೇ ಇತ್ತೋ!

ಇಲ್ಲಿ ಕ್ಯಾಮರಾದ ವಿಷಯವನ್ನು ಸ್ವಲ್ಪ ವಿವರಿಸುವುದು ಅವಶ್ಯವಾಗಿದೆ. ನಿಮ್ಮ ಕೈಯ ಮೊಬೈಲಿಗೂ ಆ ಕಾಲದ ಯಂತ್ರಕ್ಕೂ ಇರುವ ಅಂತರವನ್ನು ತಿಳಿಯದಿದ್ದರೆ ಸತ್ಯನ್ನರ ಕೆಲಸದ ಕಷ್ಟ ನಿಮಗೆ ಅರ್ಥವಾಗದು. ಜರ್ಮನಿಯಲ್ಲಿ 1925ರಲ್ಲಿ ಲೈಕಾ ಎಂಬ ಸಣ್ಣ ಕ್ಯಾಮರಾವೂ 1929ರಲ್ಲಿ ರೋಲಿಫ್ಲೆಕ್ಸ್ ಎಂಬ ಎರಡು ಕಣ್ಣಿನ ಕ್ಯಾಮರಾವೂ ಮಾರಾಟಕ್ಕೆ ಬಂದವು. ಅದುವರೆಗೆ ಮೂರು ಕಾಲಿನ ಸ್ಟ್ಯಾಂಡು, ಕರಿಯ ಬಟ್ಟೆ, ದೊಡ್ಡ ಪೆಟ್ಟಿಗೆ ಇವುಗಳ ಮುಂದೆ ಜನರು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಹಳೆಯ ಕುಟುಂಬಚಿತ್ರಗಳಲ್ಲಿ ನಿಮ್ಮ ಮುತ್ತಜ್ಜಂದಿರು ಶಿಕ್ಷೆಗೊಳಗಾದವರಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಈ ಸಣ್ಣ ಕ್ಯಾಮರಾಗಳು ಬಂದ ಮೇಲೆ ಛಾಯಾಗ್ರಾಹಕನು ಬೀದಿಗೆ ಇಳಿಯಲು ಸಾಧ್ಯವಾಯಿತು. ಎರಡು ಕಣ್ಣಿನ ಕ್ಯಾಮರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ಮೇಲಿನ ಗಾಜಿನಲ್ಲಿ ಮೂಡುವ ಬಿಂಬವನ್ನು ತಲೆ ಬಾಗಿಸಿ ನೋಡಬೇಕು. ಆ ಬಿಂಬದಲ್ಲಿ ಎಡವು ಬಲವಾಗಿಯೂ ಬಲವು ಎಡವಾಗಿಯೂ ಕಾಣುತ್ತದೆ. ಒಂದು ಸುರುಳಿಯಲ್ಲಿ ಹನ್ನೆರಡೇ ಚಿತ್ರಗಳು. ತೆಗೆದ ಚಿತ್ರ ಹೇಗೆ ಬಂತೆಂಬುದು ಕತ್ತಲೆ ಕೋಣೆಯಲ್ಲಿ ಸುರುಳಿಯನ್ನು ತೊಳೆದ ಮೇಲೆಯೇ ಗೊತ್ತಾಗುವುದು.

ಎಲ್ಲಕ್ಕಿಂತ ಮುಖ್ಯವಾದುದು ದೂರದ ಸಂಗತಿ. ಅಂಥ ಕ್ಯಾಮರಾದಲ್ಲಿ ಸಾಮಾನ್ಯ ಮಸೂರವನ್ನಿಟ್ಟು ಒಬ್ಬ ಮನುಷ್ಯನ ಮುಖಭಾವವು ಸ್ಪಷ್ಟವಾಗಿ ಮೂಡಬೇಕಾದರೆ ಅವನಿಂದ 5–6 ಅಡಿಗಳ ಒಳಗೆ ನಿಲ್ಲಬೇಕು. ಬೀದಿಯಲ್ಲಿ ಒಬ್ಬ ಅಪರಿಚಿತನಿಂದ 5 ಅಡಿ ದೂರದಲ್ಲಿ ನಿಂತು ನೋಡಿರಿ! ಅವನು ನಿಮ್ಮ ಚಪ್ಪಲಿಯನ್ನು ನೋಡುತ್ತಾನೆ, ನೀವು ಯಾರೆಂದು ಕೇಳುತ್ತಾನೆ, ಮನಸ್ಸು ಬಂದರೆ ಬೈಯುತ್ತಾನೆ. ಅಷ್ಟು ಸಮೀಪದಲ್ಲಿ ಕಳ್ಳತನಕ್ಕೆ ಎಡೆಯಿಲ್ಲ. ಮೊಬೈಲಿನಲ್ಲಿ ರೈಲು ನಿಲ್ದಾಣದ ಈ ಬದಿಯಿಂದ ಆ ಬದಿಯವರ ಮುಖವನ್ನು ಹಿಗ್ಗಿಸಿ ಹಿಡಿಯಬಹುದು, ಸಿಕ್ಕಿಬೀಳುವ ಭಯವಿಲ್ಲ. ಆದುದರಿಂದಲೇ ಮಾತಾಡಿಸುವ ಅವಶ್ಯಕತೆಯೂ ಇಲ್ಲವಾಗಿದೆ. ಸತ್ಯನ್ನರ ಕಾಲದವರಿಗೆ ಮಾತೇ ಮೊದಲ ಉಪಕರಣವಾಗಿತ್ತು. ಅವರಾದರೋ ಸ್ವಭಾವತಃ ಮಾತುಗಾರರು, ಕಥೆ ಹೇಳುವುದರಲ್ಲಿ ನಿಪುಣರು, ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳಬಲ್ಲವರು. ಅಂಥವರ ಮುಂದೆ ಮುಖ ಬಿಗಿದುಕೊಂಡು ಬಹಳ ಹೊತ್ತು ಇರುವುದು ಯಾರಿಗೂ ಸುಲಭವಲ್ಲ.

1948ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯು ಪ್ರಾರಂಭವಾಯಿತು. ಪೋತನ್ ಜೋಸೆಫ್ ಅದರ ಮೊದಲ ಸಂಪಾದಕರು. ಸತ್ಯನ್ನರು ಆ ಪತ್ರಿಕೆಯ ಛಾಯಾಗ್ರಾಹಕರಾಗಿ ವೃತ್ತಿಜೀವನವನ್ನು ಆರಂಭಿಸಿದರು. ಛಾಯಾಗ್ರಹಣವನ್ನೇ ನೆಚ್ಚಿ ಪತ್ರಿಕೆಯಲ್ಲಿ ಬದುಕುವುದು ಆಗ ಮನೆಯವರಿಗೆ ಧೈರ್ಯವಾಗಿ ಹೇಳಿಕೊಳ್ಳುವಂಥ ಉದ್ಯೋಗವಾಗಿರಲಿಲ್ಲ. ಬಿ. ಎ. ಪಾಸಾದವನಿಗೆ ಸರಕಾರಿ ಕಚೇರಿಯ ಕುರ್ಚಿಯೇ ಗತಿಯೆಂದು ಜನರು ತಿಳಿದಿದ್ದ ಕಾಲ. ಪತ್ರಿಕೆಗಳಲ್ಲಿ ಬರುತ್ತಿದ್ದ ಚಿತ್ರಗಳಾದರೂ ಎಂಥವು? ಮಂತ್ರಿಗಳು ಹಾರ ಹಾಕಿಸಿಕೊಳ್ಳುವುದು, ರಿಬ್ಬನ್ ಕತ್ತರಿಸುವುದು, ವೇದಿಕೆಯ ಮೇಲೆ ಸಾಲಾಗಿ ಕೂರುವುದು. ಇವುಗಳನ್ನು ತೆಗೆಯಲು ಹೋದ ಛಾಯಾಗ್ರಾಹಕನ ಕಣ್ಣು ವೇದಿಕೆಯ ಮುಂದೆ ನೆಲದ ಮೇಲೆ ಕುಳಿತವರ ಕಡೆಗೂ ಹೊರಳುವುದು ಅಪರೂಪವಾಗಿತ್ತು. ಸತ್ಯನ್ನರ ಕಣ್ಣು ಅತ್ತ ಹೊರಳಿತು. ಅಲ್ಲಿಯೇ ನೆಲೆಸಿತು.

ಬೆಂಗಳೂರಿನಿಂದ ಅವರು ಬಂದುದು ನಮ್ಮ ಮುಂಬಯಿಗೆ. ವಿದ್ಯಾರ್ಥಿಯಾಗಿದ್ದಾಗ ಯಾವ ಪತ್ರಿಕೆಯು ಅವರ ಚಿತ್ರವನ್ನು ಪ್ರಕಟಿಸಿತ್ತೋ ಆ ಇಲಸ್ಟ್ರೇಟೆಡ್ ವೀಕ್ಲಿಯಲ್ಲಿಯೇ ಈಗ ಅವರಿಗೆ ಕೆಲಸ. ಬೋರಿಬಂದರಿನ ರೈಲು ನಿಲ್ದಾಣದ ಎದುರಿಗಿರುವ ಟೈಮ್ಸ್ ಕಟ್ಟಡವನ್ನು ನೀವು ನೋಡಿದ್ದೀರಷ್ಟೆ. ಆ ಸಂಸ್ಥೆಯದೇ ವಾರಪತ್ರಿಕೆ ಅದು. 1993ರಲ್ಲಿ ನಿಂತುಹೋಗುವವರೆಗೂ ಭಾರತದ ಓದುಗರಿಗೆ ಭಾರತವನ್ನು ಚಿತ್ರಗಳಲ್ಲಿ ತೋರಿಸಿದ ಪತ್ರಿಕೆ. ಅದೇ ಸಂಸ್ಥೆಯ ದಿನಪತ್ರಿಕೆಯಲ್ಲಿ ಲಕ್ಷ್ಮಣರ ಚೌಕಳಿ ಕೋಟಿನ ಸಾಮಾನ್ಯ ಮನುಷ್ಯನು 1951ರಿಂದ ಮೌನವಾಗಿ ಓಡಾಡತೊಡಗಿದನು. ಹೋಮಾಯಿ ವ್ಯಾರಾವಾಲಾ ಎಂಬ ಪಾರಸಿ ಮಹಿಳೆಯ ಹೆಸರನ್ನೂ ಇಲ್ಲಿ ಹೇಳಬೇಕು. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿಯೆನಿಸಿದ ಆಕೆಯು 1930ರ ದಶಕದ ಕೊನೆಯಲ್ಲಿ ಇದೇ ಮುಂಬಯಿಯ ಜನಜೀವನದ ಚಿತ್ರಗಳಿಂದಲೇ ಕೆಲಸವನ್ನು ಆರಂಭಿಸಿದ್ದರು. ಆಕೆಯ ಮೊದಮೊದಲಿನ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾಗುತ್ತಿದ್ದವೆಂಬುದನ್ನು ನಮ್ಮ ಶಾಲೆಯ ಬಾಲಿಕೆಯರು ವಿಶೇಷವಾಗಿ ಗಮನಿಸಲಿ.

ಹೊಸ ಊರಿಗೆ ಬಂದವನ ಪಾಡು ನಮಗೆ ಗೊತ್ತಿಲ್ಲದುದಲ್ಲ. ಕನ್ನಡ ಶಾಲೆಯ ಮೆಟ್ರಿಕ್ ಒಂದನ್ನೇ ಕಟ್ಟಿಕೊಂಡು ನಾವು ಈ ನಗರದಲ್ಲಿ ಇಳಿದಾಗ ಮರಾಠಿ ಬಾರದು, ಹಿಂದಿ ಅರೆಬರೆ. ಸಯನ್ ಎಂಬ ಹೆಸರು ಸೀಮೆ ಎಂಬರ್ಥದ ಶೀವ್ ಎಂಬ ಮರಾಠಿ ಪದದಿಂದ ಬಂದುದೆಂದೂ, ಅದು ನಮ್ಮ ಸೀಮೆ ಎಂಬ ಪದದ ನೆಂಟನೇ ಎಂದೂ ತಿಳಿದುದು ಬಹಳ ದಿನಗಳ ಮೇಲೆ. ಮುಂಬಯಿ ದ್ವೀಪದ ಎಲ್ಲೆ ಇಲ್ಲಿಗೆ ಮುಗಿಯುತ್ತಿದ್ದುದರಿಂದಲೇ ಇಂಗ್ಲಿಷರು ಹದಿನೇಳನೆಯ ಶತಮಾನದಲ್ಲಿ ಈ ಗುಡ್ಡದ ಮೇಲೆ ಕೋಟೆ ಕಟ್ಟಿದರು; ಆಚೆಗೆ ಪೋರ್ತುಗೀಜರ ಸಾಷ್ಟಿ. ಎಲ್ಲೆಯಲ್ಲಿ ವಾಸಿಸುವವರಿಗೆ ದಿನವೂ ಅಪರಿಚಿತರೇ ಎದುರಾಗುತ್ತಾರೆ. ಮೊದಲ ಎರಡು ತಿಂಗಳು ನಾವು ಯಾರನ್ನೂ ಕಣ್ಣೆತ್ತಿ ನೋಡದೆ ನಡೆದಾಡಿದೆವು. ಚಹಾ ಅಂಗಡಿಯವನು ಒಂದು ದಿನ ತಾನಾಗಿಯೇ ನಮ್ಮ ಉಚ್ಚಾರವನ್ನು ಅಣಕಿಸಿ ನಕ್ಕನು. ಬಳಿಕ ಚಹಾದ ಹಣ ಬೇಡವೆಂದನು. ಅಣಕಿನಿಂದ ಆರಂಭವಾದ ಆ ಸ್ನೇಹವು ಇಂದಿಗೂ ಇದೆ. ಮೈಸೂರಿನ ತರುಣ ಸತ್ಯನ್ನರಿಗೂ ಈ ನಗರದ ಜನಸಂದಣಿಯಲ್ಲಿ ಇಂಥ ಒಂದೆರಡು ದಿನಗಳಾದರೂ ಬಂದಿರಬಹುದೆಂದು ನಾವು ಊಹಿಸಿಕೊಳ್ಳುತ್ತೇವೆ.

ಮುಂಬಯಿಯ ನೌಕರಿಯಲ್ಲಿಯೇ ಅವರು ಉಳಿಯಲಿಲ್ಲ. ತಿಂಗಳ ಸಂಬಳವನ್ನು ಬಿಟ್ಟು ಸ್ವತಂತ್ರ ಛಾಯಾಗ್ರಾಹಕರಾದರು. ಈ ದೇಶದಲ್ಲಿ ಅಂದು ಅದು ಎದೆಗಾರಿಕೆಯ ಕೆಲಸ. ಚಿತ್ರ ಅಚ್ಚಾದರೆ ಹಣ, ಇಲ್ಲದಿದ್ದರೆ ಫಿಲ್ಮಿನ ಖರ್ಚೂ ಕೈಬಿಟ್ಟಂತೆ. ಅಮೆರಿಕದ ಲೈಫ್ ಎಂಬ ಪತ್ರಿಕೆಯು ಆಗ ಚಿತ್ರಗಳಿಂದಲೇ ಕಥೆ ಹೇಳುವುದರಲ್ಲಿ ಜಗತ್ಪ್ರಸಿದ್ಧವಾಗಿತ್ತು. ಸತ್ಯನ್ನರ ಚಿತ್ರಗಳು ಅದರಲ್ಲಿಯೂ ಇತರ ವಿದೇಶೀ ಪತ್ರಿಕೆಗಳಲ್ಲಿಯೂ ಬಂದವು. ದೆಹಲಿಯಲ್ಲಿ ನೆಲೆಸಿ ಅವರು ದೇಶವನ್ನೆಲ್ಲ ಸುತ್ತಿದರು. ಜವಾಹರಲಾಲ್ ನೆಹರೂ, ಸರ್ ಎಂ. ವಿಶ್ವೇಶ್ವರಯ್ಯ ಮುಂತಾದ ಮಹನೀಯರ ಚಿತ್ರಗಳನ್ನೂ ತೆಗೆದರು. ಆ ಚಿತ್ರಗಳಿಂದ ಅವರಿಗೆ ಬಹಳ ಕೀರ್ತಿ ಬಂದುದು ಹೌದು. ಆದರೆ ಅವರ ಕ್ಯಾಮರಾವು ತನ್ನ ಮನೆಯಲ್ಲಿರುವಂತೆ ಹಾಯಾಗಿ ಇರುತ್ತಿದ್ದುದು ಹೆಸರಿಲ್ಲದವರ ನಡುವೆಯೇ ಎಂದು ನಮಗೆ ತೋರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಮಕ್ಕಳ ಕ್ಷೇಮಕ್ಕಾಗಿ ದುಡಿಯುವ ಯುನಿಸೆಫ್ ಸಂಸ್ಥೆಗಳಿಗಾಗಿ ಸತ್ಯನ್ನರು ಮಾಡಿದ ಕೆಲಸವು ಇನ್ನೊಂದು ದೊಡ್ಡ ಅಧ್ಯಾಯ. ಸಿಡುಬಿನ ನಿರ್ಮೂಲನದ ಕಾಲ ಅದು. ಸಿಡುಬೆಂದರೆ ಏನೆಂದು ನಿಮಗೆ ಗೊತ್ತಿಲ್ಲದಿರುವುದೇ ಆ ಕೆಲಸದ ಜಯ. ಮೈಯೆಲ್ಲ ಗುಳ್ಳೆಯೆದ್ದು, ಬದುಕುಳಿದವರಲ್ಲಿಯೂ ಕೆಲವರ ಕಣ್ಣುಗಳನ್ನು ಕಸಿದುಕೊಂಡು ಹೋಗುತ್ತಿದ್ದ ರೋಗವದು. ಆರೋಗ್ಯ ಕಾರ್ಯಕರ್ತರು ಸಿಡುಬಾದ ಮಗುವಿನ ಚಿತ್ರವಿದ್ದ ಒಂದು ಕಾರ್ಡನ್ನು ಹಿಡಿದು ಮನೆಮನೆಗೆ ಹೋಗಿ, ಇಂಥ ರೋಗಿಯನ್ನು ಕಂಡಿದ್ದೀರಾ ಎಂದು ಕೇಳುತ್ತಿದ್ದರು. ಭಾರತದಲ್ಲಿ ಕೊನೆಯ ರೋಗಿಯು ಪತ್ತೆಯಾದುದು 1975ರ ಮೇ ತಿಂಗಳಿನಲ್ಲಿ. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಇಂಥ ಕೆಲಸದ ಚಿತ್ರ ತೆಗೆಯುವವನು ಕಾಯಿಲೆಯಿರುವ ಮನೆಯ ಹೊಸ್ತಿಲನ್ನು ದಾಟಬೇಕು. ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯ ಎದುರಿಗೆ ಕ್ಯಾಮರಾ ಎತ್ತಬೇಕು. ಅಲ್ಲಿ ಜಾಣತನವು ನಡೆಯದು. ಆ ತಾಯಿಯು ನಮ್ಮನ್ನು ನಂಬಿದಳೇ ಇಲ್ಲವೇ ಎಂಬುದನ್ನು ಚಿತ್ರವು ಎಲ್ಲರಿಗೂ ಹೇಳಿಬಿಡುತ್ತದೆ.

ಮಕ್ಕಳ ವಿಷಯಕ್ಕೆ ಬಂದರೆ ಸತ್ಯನ್ನರ ಸಂತೋಷಕ್ಕೆ ಎಣೆಯಿರಲಿಲ್ಲ. ಮಕ್ಕಳ ಚಿತ್ರ ತೆಗೆಯಲು ಹೋದವರಿಗೆಲ್ಲ ಒಂದು ಸಂಕಟವಿದೆ. ಕ್ಯಾಮರಾವನ್ನು ಕಂಡೊಡನೆ ಒಂದು ಗುಂಪು ಓಡಿಹೋಗುತ್ತದೆ, ಇನ್ನೊಂದು ಗುಂಪು ಮಸೂರಕ್ಕೆ ಮೂಗು ತಾಗುವಷ್ಟು ಹತ್ತಿರ ಬರುತ್ತದೆ. ಗದರಿಸಿದರೆ ಮುಖ ಬಾಡುತ್ತದೆ; ಮಿಠಾಯಿ ಕೊಟ್ಟರೆ ಚಿತ್ರದ ತುಂಬ ಮಿಠಾಯಿಯೇ ಕಾಣುತ್ತದೆ. ಉಳಿದಿರುವ ಉಪಾಯ ಒಂದೇ. ಅವರ ಎತ್ತರಕ್ಕೆ ಕುಳಿತು, ಅವರು ನಮ್ಮನ್ನು ನೋಡಿ ನಕ್ಕು ಬೇಸತ್ತು ತಮ್ಮ ಆಟಕ್ಕೆ ಮರಳುವವರೆಗೂ ಕಾಯುವುದು. ಸತ್ಯನ್ನರ ಕಪ್ಪುಬಿಳುಪಿನ ಮಕ್ಕಳು ಯಾರೂ ಛಾಯಾಗ್ರಾಹಕನಿಗಾಗಿ ನಿಂತವರಂತೆ ಕಾಣುವುದಿಲ್ಲ. ವಿಶ್ವಸಂಸ್ಥೆಯು 1979ನ್ನು ಅಂತರರಾಷ್ಟ್ರೀಯ ಮಕ್ಕಳ ವರ್ಷವೆಂದು ಆಚರಿಸಿದಾಗ, ನ್ಯೂಯಾರ್ಕಿನಲ್ಲಿರುವ ಅದರ ಕೇಂದ್ರ ಕಚೇರಿಯಲ್ಲಿ ಯುನಿಸೆಫಿನ ಆಶ್ರಯದಲ್ಲಿ ಈ ಮಕ್ಕಳ ಚಿತ್ರಗಳ ಪ್ರದರ್ಶನವು ಏರ್ಪಟ್ಟಿತು. ನಮ್ಮ ಹಳ್ಳಿಗಳ, ಬೀದಿಗಳ ಮಕ್ಕಳನ್ನು ಎಲ್ಲ ದೇಶಗಳ ಪ್ರತಿನಿಧಿಗಳು ಓಡಾಡುವ ಆ ಕಟ್ಟಡದಲ್ಲಿ ಜಗತ್ತು ಕಂಡಿತು. ಅದಕ್ಕೆ ಎರಡು ವರ್ಷ ಮುಂಚೆ, 1977ರಲ್ಲಿ, ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿ ಗೌರವಿಸಿತ್ತು.

ಆದರೂ ಒಂದು ವಿಷಯವನ್ನು ಮುಚ್ಚಿಡಲಾರೆವು. ನ್ಯೂಯಾರ್ಕಿನವರೆಗೆ ಹೋದ ಆ ಚಿತ್ರಗಳನ್ನು ಅವುಗಳಲ್ಲಿರುವ ಮಕ್ಕಳಲ್ಲಿ ಎಷ್ಟು ಮಂದಿ ಕಂಡಿರಬಹುದು? ಪತ್ರಿಕೆಯೇ ತಲುಪದ ಊರುಗಳಲ್ಲಿ ಬಹುಮಂದಿ ಕಂಡಿರಲಾರರು. ನಮ್ಮ ವಾಚ್‌ಮನ್ ಅಜ್ಜನ ಪ್ರಶ್ನೆಯನ್ನು ದೊಡ್ಡ ದೊಡ್ಡ ಛಾಯಾಗ್ರಾಹಕರಿಗೂ ಕೇಳಬಹುದಾಗಿದೆ. ಅದಕ್ಕೆ ಪೂರ್ತಿಯಾದ ಉತ್ತರವಿದೆಯೆಂದು ನಾವು ಹೇಳುವುದಿಲ್ಲ. ಗುಂಡಿ ಒತ್ತುವ ಮೊದಲು ಎದುರಿಗಿರುವವನಿಗೆ ಏನನ್ನಾದರೂ ಕೊಟ್ಟಿದ್ದೇವೆಯೇ, ಒಂದು ಮಾತು, ಒಂದು ನಗೆ, ಸ್ವಲ್ಪ ಹೊತ್ತು, ಎಂಬುದರಲ್ಲಿ ಅರ್ಧ ಉತ್ತರವಿರಬಹುದು. ಸತ್ಯನ್ನರ ಚಿತ್ರಗಳನ್ನು ನೋಡುವಾಗ ಆ ಅರ್ಧವಾದರೂ ಸಂದಾಯವಾಗಿದೆಯೆಂದು ಅನ್ನಿಸುತ್ತದೆ.

ಮುಪ್ಪಿನಲ್ಲಿ ಸತ್ಯನ್ನರು ಮೈಸೂರಿಗೆ ಮರಳಿದರು. ಹಳೆಯ ಬೀದಿಗಳಲ್ಲಿ ಅಡ್ಡಾಡುತ್ತ, ಹಳೆಯ ಗೆಳೆಯರನ್ನು ನೆನೆಯುತ್ತ, ಪತ್ರಿಕೆಗಳಿಗೆ ಸರಸವಾದ ನೆನಪುಗಳನ್ನು ಬರೆದರು. ಅವರ ಆತ್ಮಕಥೆಯು 2005ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಕನ್ನಡದಲ್ಲಿ ಅವರ ನೆನಪುಗಳ ಪುಸ್ತಕಕ್ಕೆ ಕಾಲಕ್ಕೆ ಕನ್ನಡಿ ಎಂದು ಹೆಸರು. ಆ ಹೊತ್ತಿಗೆ ಫಿಲ್ಮಿನ ಸುರುಳಿಗಳೂ ಕತ್ತಲೆ ಕೋಣೆಗಳೂ ಮರೆಯಾಗತೊಡಗಿದ್ದವು. 2009ನೆಯ ಇಸವಿ ಡಿಸೆಂಬರ್ 13ರಂದು, 86ನೆಯ ಹುಟ್ಟುಹಬ್ಬಕ್ಕೆ ಐದು ದಿನಗಳಿರುವಾಗ, ಅವರು ತಮ್ಮ ಊರಿನಲ್ಲಿಯೇ ಕಣ್ಣುಮುಚ್ಚಿದರು.

ಇನ್ನು ಸಯನ್ ಸ್ಟೇಷನ್ನಿನ ಚಿತ್ರದ ವಿಷಯ. ಅದನ್ನು ತೆಗೆದ ಹುಡುಗನು ದಸರೆಯ ರಜೆಯಲ್ಲಿ ತನ್ನ ಹಣದಿಂದಲೇ ಅದರ ಒಂದು ಪ್ರತಿಯನ್ನು ಮಾಡಿಸಿಕೊಂಡು ಬಂದು, ಒಬ್ಬನೇ ಹೋಗಲು ಅಂಜಿ ನಮ್ಮನ್ನು ಜೊತೆಗೆ ಕರೆದನು. ಅಜ್ಜ ಕನ್ನಡಕವನ್ನು ತರಿಸಿಕೊಂಡು ಬಹಳ ಹೊತ್ತು ನೋಡಿದರು. ತಮ್ಮ ತೆರೆದ ಬಾಯಿಯನ್ನು ಅವರು ಗಮನಿಸಿದಂತೆಯೇ ಕಾಣಲಿಲ್ಲ. ಅವರ ದೃಷ್ಟಿಯೆಲ್ಲ ಕಾಗೆಯ ಮೇಲೆ. ಆ ದಿನ ಬುತ್ತಿಯಲ್ಲಿ ಉಳಿಸಿಟ್ಟಿದ್ದ ಎರಡು ರೊಟ್ಟಿಗಳಲ್ಲಿ ಒಂದು ಕಾಣೆಯಾಗಿತ್ತಂತೆ. ತಮ್ಮ ಜೊತೆಯ ವಾಚ್‌ಮನ್ನೇ ತಿಂದನೆಂದು ತಿಳಿದು ಅವನೊಡನೆ ಮೂರು ದಿನ ಮಾತು ಬಿಟ್ಟಿದ್ದರಂತೆ. ಚಿತ್ರವನ್ನು ಆ ವಾಚ್‌ಮನ್ನನಿಗೆ ತೋರಿಸಬೇಕೆಂದು ಹೇಳಿ, ಅದನ್ನು ಮಡಿಸದೆ ಜೋಪಾನವಾಗಿ ಅದೇ ಕೈಚೀಲದಲ್ಲಿ ಇಟ್ಟುಕೊಂಡರು. ಈ ಸಂಚಿಕೆಯಲ್ಲಿ ಅದನ್ನು ಅಚ್ಚು ಹಾಕಲು ಅಜ್ಜ ಸಂತೋಷದಿಂದ ಒಪ್ಪಿದರು. ಮೊಮ್ಮಗನು ಮಾತ್ರ ಬೇಡವೆಂದನು. ಆದುದರಿಂದ ಅಚ್ಚು ಹಾಕಿಲ್ಲ.